ಸೀಮೆಸುಣ್ಣದ ಬಹಿಷ್ಕಾರ

೧೬ ಆಗಸ್ಟ್ ೧೯೭೮, ಬುಧವಾರ. ಗುಬ್ಬಿ

ನಿನ್ನೆ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದ ಮೇಲೆ ಸ್ಕೂಲಿನ ದೊಡ್ಡ ಹಾಲ್‌ನಲ್ಲೇ ‘ಸ್ವದೇಶಿ ವ್ರತ ಸಮಿತಿ’ ಹುಟ್ಟಿತು. ಅಧ್ಯಕ್ಷರು ಮಹಾಲಿಂಗಯ್ಯನವರು. ತುಮಕೂರಿನ ಮಂಡಿಪೇಟೆಯಲ್ಲಿ ದೊಡ್ಡ ವ್ಯಾಪಾರ, ನಮ್ಮ ವಿದ್ಯಾಸಂಸ್ಥೆಗೂ ಅವರೇ ಸೆಕ್ರೆಟರಿ. ಸಮಿತಿಯ ಕಾರ್ಯದರ್ಶಿ ನಾನು, ಅಂದರೆ ಎಸ್. ರೇವಣಸಿದ್ದಯ್ಯ, ಲೆಕ್ಕದ ಮೇಷ್ಟ್ರು. ನನ್ನ ಡೈರಿಯಲ್ಲಿ ನನ್ನ ಹೆಸರು ನಾನೇ ಬರೆದುಕೊಳ್ಳುತ್ತಿದ್ದೇನೆ. ಇರಲಿ, ಮುಂದೆ ಚರಿತ್ರೆ ಬರೆಯೋರಿಗೆ ಬೇಕಾಗಬಹುದು.

ಪ್ರತಿಜ್ಞೆ ಬರೆದದ್ದೂ ನಾನೇ. ಜನ ಕೇಳಿದರು: “ಸಾಮಾನು ಪರದೇಶದ್ದೋ ನಮ್ದೋ ಅಂತ ಕಂಡುಹಿಡಿಯೋದು ಹೆಂಗೆ ಮೇಷ್ಟ್ರೇ? ಡಬ್ಬಿ ಮೇಲೆಲ್ಲಾ ಇಂಗ್ಲಿಷು, ನಮಗೆ ಕನ್ನಡ ಓದೋದೇ ತ್ರಾಸು.” ಆಗ ನನಗೆ ಹೊಳೆಯಿತು. ನಮ್ಮ ಅಜ್ಜಂದಿರು ಆಗಲೇ ಚೀಟಿ ಅಂಟಿಸಿಟ್ಟಿದ್ದಾರೆ! ಬಿಳಿಯ ಹಡಗಿನಲ್ಲಿ ತಂದಿಳಿಸಿದ್ದಕ್ಕೆಲ್ಲ ಅವರು ‘ಸೀಮೆ’ ಅಂದರು. ಸೀಮೆಎಣ್ಣೆ. ಸೀಮೆಸುಣ್ಣ. ಸೀಮೆಬದನೆ. ಸೀಮೆಹಸು. “ಹೆಸರಿನಲ್ಲಿ ಸೀಮೆ ಇದ್ದದ್ದೆಲ್ಲ ಇಂದಿನಿಂದ ನಮ್ಮ ಸೀಮೆಯಿಂದ ಆಚೆಗೆ!” ಅಂತ ಮೇಜು ಗುದ್ದಿದೆ. ಹಾಲ್‌ನ ಹೆಂಚು ಹಾರಿಹೋಗುವಷ್ಟು ಚಪ್ಪಾಳೆ.

ಮಹಾಲಿಂಗಯ್ಯನವರ ತೋಟದಲ್ಲಿ ಎರಡು ಸೀಮೆಹಸು ಇವೆ ಅಂತ ಹಿಂದಿನಿಂದ ಯಾರೋ ಕೂಗಿದರು. ಹಸು ಯಾವ ದೇಶದ್ದಾದರೂ ತಾಯಿಯೇ, ಜೊತೆಗೆ ಅದು ತಿನ್ನೋದು ನಮ್ಮ ಹುಲ್ಲನ್ನೇ ಅಂತ ಅಲ್ಲೇ ನಿರ್ಣಯ ಮಾಡಿ ಹಸುಗಳಿಗೆ ವಿನಾಯಿತಿ ಕೊಟ್ಟೆವು.

ಹೊರಡುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಕ್ಟೋಬರಿನಲ್ಲಿ ನಮ್ಮ ಹೆಡ್‌ಮಾಸ್ಟರು ರಿಟೈರ್ ಆಗುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಮ್ಮನೆ ಬರೆದೆ.

೧೮ ಆಗಸ್ಟ್, ಶುಕ್ರವಾರ

ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೌ ಬಂದ್ ಮಾಡಿಸಿದೆ. ನನ್ನ ಹೆಂಡತಿ ಗಂಗಾಂಬಿಕೆ ಹಿತ್ತಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಊದಿ ಊದಿ ಕಣ್ಣು ಕೆಂಡ ಮಾಡಿಕೊಂಡು ಬಂದಳು.

“ವ್ರತ ನಿಮ್ದು, ಹೊಗೆ ನಂದು. ಚೆನ್ನಾಗಿ ಪಾಲು ಮಾಡ್ಕೊಂಡಿದೀರ ಕಣ್ರೀ.”

ದೇಶಕ್ಕಾಗಿ ಸ್ವಲ್ಪ ಸಹಿಸಬೇಕು ಅಂದೆ. ದೇಶ ಬಂದು ಒಂದು ದಿನ ಊದಲಿ ಅಂದಳು.

ಸಂಜೆ ಸಮಿತಿಯ ತುರ್ತು ಸಭೆ. ಅರ್ಧ ತಾಲ್ಲೂಕಿಗೆ ಸೀಮೆಎಣ್ಣೆ ಹೋಲ್‌ಸೇಲು ಮಹಾಲಿಂಗಯ್ಯನವರದೇ ಅನ್ನೋದು ಪ್ರತಿಜ್ಞೆ ಬರೆಯುವಾಗ ನನ್ನ ತಲೆಗೆ ಬಂದಿರಲಿಲ್ಲ. ಅವರು ಕೋಪ ಮಾಡಿಕೊಳ್ಳಲಿಲ್ಲ, ದೊಡ್ಡ ಮನುಷ್ಯ. “ರೇವಣಸಿದ್ದಯ್ಯನೋರೆ, ಭಾಷೆ ನಿಮ್ಮ ಕೈಯಲ್ಲೈತೆ. ಏನಾದ್ರೂ ಮಾಡಿ” ಅಂದರು. ಮಾಡಿದೆ. ಇನ್ನು ಮೇಲೆ ಅದರ ಹೆಸರು ‘ಕಲ್ಲೆಣ್ಣೆ’. ಕಲ್ಲೆಣ್ಣೆ ಅಂತ ಕರೆದು ಉರಿಸಿದರೆ ವ್ರತಭಂಗವಿಲ್ಲ.

ಮನೆಗೆ ಬಂದು ಸ್ಟೌ ಹಚ್ಚಬಹುದು ಅಂದೆ. ಗಂಗಾಂಬಿಕೆ ಸ್ಟೌ ಬಾಯಿಗೆ ಪಿನ್ನು ಚುಚ್ಚುತ್ತಾ ಹೇಳಿದಳು: “ಹೆಸರು ಬದ್ಲಾಯಿಸಿದ್ರೆ ಆಗೋಯ್ತು ಅನ್ನಂಗಿದ್ರೆ, ನಾಳೆಯಿಂದ ನಿಮ್ಮನ್ನ ಹೆಡ್ಮೇಷ್ಟ್ರೇ ಅಂತ ಕರೀತೀನಿ ಬುಡಿ. ಅಕ್ಟೋಬರ್ ಗಂಟ ಯಾಕೆ ಕಾಯ್ಬೇಕು?”

೨೧ ಆಗಸ್ಟ್, ಸೋಮವಾರ

ಇವತ್ತು ಶಾಲೆಯಲ್ಲಿ ಕ್ರಾಂತಿ.

ಮೊದಲ ಪೀರಿಯಡ್ಡಿಗೆ ಜವಾನ ಗಂಗಹನುಮ ಎಂದಿನಂತೆ ಸೀಮೆಸುಣ್ಣದ ಪೆಟ್ಟಿಗೆ ತಂದಿಟ್ಟ. ಏಳನೇ ಕ್ಲಾಸಿನ ಎಲ್ಲ ಮಕ್ಕಳ ಮುಂದೆ ಅದನ್ನೆತ್ತಿ ಕಿಟಕಿಯಿಂದ ಆಚೆಗೆಸೆದೆ. “ಇದು ಗುಲಾಮಗಿರಿಯ ಕಡ್ಡಿ! ಬ್ರಿಟಿಷರು ಹೋಗಿ ಮೂವತ್ತು ವರ್ಷ ಆದರೂ ಅವರ ಸುಣ್ಣ ನಮ್ಮ ಬೆರಳು ಬಿಟ್ಟಿಲ್ಲ!” ಮಕ್ಕಳು ಕುಣಿದಾಡಿದರು. ಕಡ್ಡಿಯಿಲ್ಲದಿದ್ದರೆ ಲೆಕ್ಕವಿಲ್ಲ ಅಂದುಕೊಂಡವೇನೋ.

ಗಂಗಹನುಮ “ಸಾರ್, ಆ ಸುಣ್ಣ ಇದೆಯಲ್ಲ...” ಅಂತ ಶುರು ಮಾಡಿದ. “ಬಾಯ್ಮುಚ್ಕೊಂಡು ಹೋಗಯ್ಯ” ಅಂದೆ. ಹೋಗಿ ಮಣ್ಣಿನಲ್ಲಿ ಬಿದ್ದ ಕಡ್ಡಿಗಳನ್ನ ಒಂದೊಂದಾಗಿ ಆರಿಸಿ, ಊದಿ, ಟವೆಲ್ಲಿಗೆ ಕಟ್ಟಿಕೊಂಡ. ಜಿಪುಣ ನನ್ಮಗ.

ಪ್ರತಿ ತಿಂಗಳ ಸೀಮೆಸುಣ್ಣದ ಆರ್ಡರು ರದ್ದು. ತಾಲ್ಲೂಕಿನ ಇನ್ನೂ ಏಳು ಶಾಲೆಗೆ ಸಮಿತಿಯ ಸುತ್ತೋಲೆ ಹೋಯಿತು, ಕೆಳಗೆ ನನ್ನ ರುಜು.

ಬದಲಿಗೆ ಬಳಪದಲ್ಲಿ ಬರೆದೆ. ಸ್ಲೇಟಿನ ಮೇಲೆ ಮೂಡುವ ಬಳಪ ಬೋರ್ಡಿನ ಮೇಲೆ ಕಿರ್ರೋ ಅಂತ ಕೂಗಿತೇ ಹೊರತು ಗೆರೆ ಬೀಳಲಿಲ್ಲ. ಇಟ್ಟಿಗೆ ಚೂರಲ್ಲಿ ಬರೆದೆ. ಬೋರ್ಡೇ ಕೆತ್ತಿಹೋಯಿತು.

೨೪ ಆಗಸ್ಟ್, ಗುರುವಾರ

ಬೆಳಿಗ್ಗೆ ಪೂಜೆಗೆ ಕೂತಾಗ ಕೈಯಲ್ಲೇ ಇತ್ತು ಉತ್ತರ. ವಿಭೂತಿ ಗಟ್ಟಿ! ಬೆಳ್ಳಗಿದೆ, ಹಿಡಿಯೋಕೆ ಸಲೀಸು, ಸ್ವದೇಶಿ ಅಂದರೆ ಇದಕ್ಕಿಂತ ಸ್ವದೇಶಿ ಯಾವುದಿದೆ? ನಾಲ್ಕು ಗಟ್ಟಿ ಜೇಬಿಗೆ ಹಾಕಿಕೊಂಡು ಹೋದೆ.

ಬೋರ್ಡಿನ ಮೇಲೆ ಏನು ಬಿದ್ದಿತು ಅಂತೀರಿ, ಮುತ್ತು! ಗಂಡಾಂತರ ಶುರುವಾದದ್ದು ಅಳಿಸುವಾಗ. ಡಸ್ಟರು ಎತ್ತಿದ್ದೇ ಇಡೀ ಕ್ಲಾಸು ಎದ್ದು ಬಂದು ಉದುರಿದ ಪುಡಿಯನ್ನ ಹಣೆಗೆ ಹಚ್ಚಿಕೊಂಡಿತು. ನೆಲಕ್ಕೆ ಬಿದ್ದದ್ದನ್ನ ತುಳಿಯಬಾರದು ಅಂತ ತುದಿಗಾಲಲ್ಲಿ ಓಡಾಟ. ಮಗ್ಗಿ ಬರೆಯಲು ಕರೆದರೆ ಒಬ್ಬ ಏಳೆಂಟ್ಲ ಐವತ್ನಾಲ್ಕು ಅಂತ ಬರೆದ. ಅಳಿಸೋ ಅಂದರೆ ಕೈಮುಗಿದು ನಿಂತ. “ಅಳಿಸಿದ್ರೆ ಪಾಪ ಬರ್ತೈತೆ ಸಾರ್. ಐವತ್ನಾಲ್ಕೇ ಇರ್ಲಿ.”

ಸಂಜೆಯವರೆಗೂ ಐವತ್ನಾಲ್ಕೇ ಇತ್ತು. ಕೊನೆಗೆ ಹೆಡ್‌ಮಾಸ್ಟರು ಬಂದು ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಬೋರ್ಡಿಗೆ ನಮಸ್ಕಾರ ಮಾಡಿ, ನನ್ನನ್ನ ಆಚೆಗೆ ಕರೆದುಕೊಂಡು ಹೋಗಿ ಬೈದರು.

೨೮ ಆಗಸ್ಟ್, ಸೋಮವಾರ

ವಿಭೂತಿ ಬಿಟ್ಟ ಮೇಲೆ ಬಾಯಲ್ಲೇ ಲೆಕ್ಕ ಮಾಡಿಸುತ್ತಿದ್ದೇನೆ. ಗಂಟಲು ಹೋಗಿದೆ.

ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಗಂಗಹನುಮ ಬಂದು ಖಾಲಿ ಸೀಮೆಸುಣ್ಣದ ಪೆಟ್ಟಿಗೆಯೊಂದನ್ನ ನನ್ನ ಮುಂದೆ ತಲೆಕೆಳಗು ಮಾಡಿ ಇಟ್ಟ. ತಳದಲ್ಲಿ ರಬ್ಬರ್ ಸೀಲು. ಮೂರು ವರ್ಷದಿಂದ ದಿನಾ ಈ ಪೆಟ್ಟಿಗೆ ತೆಗೆದಿದ್ದೇನೆ, ತಳ ನೋಡಿದವನಲ್ಲ. ‘ತಯಾರಕರು: ಚೆನ್ನಮ್ಮ ಮತ್ತು ಸಂಗಡಿಗರು, ಆದಿಕರ್ನಾಟಕ ಕಾಲೋನಿ, ಗುಬ್ಬಿ.’

“ನಮ್ಮಕ್ಕ ಸಾರ್” ಅಂದ. “ಆರು ಜನ ಹೆಂಗಸ್ರು ಮಾಡ್ತಾರೆ. ಕೂಲಿ ಇಲ್ದಿದ್ ದಿನ ಇದೇ ಅವರ ಅನ್ನ. ಎಂಟು ಸ್ಕೂಲಿನ ಆರ್ಡರೂ ನಿಂತೋಗವೆ.”

“ಮುಂಚೇನೇ ಯಾಕೆ ಹೇಳ್ಲಿಲ್ಲ?”

“ಬಾಯ್ಮುಚ್ಕೊಂಡು ಹೋಗು ಅಂದ್ರಲ್ಲ ಸಾರ್. ಹೋದೆ.”

ಇಂಗ್ಲೆಂಡಿಗೆ ಹೊಡೆದ ಕಲ್ಲು ನಮ್ಮೂರ ಕೆರೆ ಏರಿಯ ಕೆಳಗಿನ ಕಾಲೋನಿಗೆ ಹೋಗಿ ಬಿದ್ದಿದೆ. ಆದರೆ ತಪ್ಪು ನನ್ನದು ಅಂತ ಹೇಗೆ ಹೇಳೋದು? ಹೆಸರು ಸೀಮೆ ಅಂತ ಇಟ್ಟವನು ನಾನಲ್ಲ.

೩೦ ಆಗಸ್ಟ್, ಬುಧವಾರ

ಸ್ಕೂಲು ಬಿಟ್ಟ ಮೇಲೆ ಕಾಲೋನಿಗೆ ಹೋದೆ. ಹದಿನಾರು ವರ್ಷದಿಂದ ಈ ಊರಲ್ಲಿದ್ದೇನೆ, ಆ ಕಡೆ ಇದೇ ಮೊದಲು. ಗಂಗಹನುಮನ ಮನೆ ಹಿಂದೆ ಸೋಗೆ ಚಪ್ಪರ. ಒಳಗೆ ಹೋಗಲಿಲ್ಲ, ಬೇವಿನ ಮರದ ನೆರಳಲ್ಲೇ ನಿಂತು ಮಾತಾಡಿದೆ. ನೆರಳು ಚೆನ್ನಾಗಿತ್ತು.

ಚೆನ್ನಮ್ಮ ಅನ್ನುವವಳು ಮೊಣಕೈವರೆಗೂ ಬೆಳ್ಳಗೆ ಮೆತ್ತಿಕೊಂಡು ಆಚೆ ಬಂದಳು. ಐವತ್ತು ಇರಬಹುದು. ಬಾಯಿ ಜೋರು.

“ಏನ್ ಮೇಷ್ಟ್ರೇ, ನಾವು ಯಾವಾಗ ಇಂಗ್ಲೆಂಡಿಂದ ಬಂದ್ವಿ? ನಮಗೂ ಹೇಳ್ಬಾರ್ದಾ?”

ಅವಳ ಹಿಂದೆ ಹೆಂಗಸರೆಲ್ಲ ಕಿಸಕ್ಕೆಂದರು. ನಾನು ಗಂಭೀರವಾಗಿ ವಿವರಿಸಿದೆ: ಸಾಮಾನಿನಲ್ಲಿ ದೋಷವಿಲ್ಲಮ್ಮ, ಹೆಸರಿನಲ್ಲಿ ದೋಷ. ಸೀಮೆಎಣ್ಣೆಗೆ ಮಾಡಿದಂತೆ ಇದಕ್ಕೂ ಒಂದು ಶುದ್ಧ ಹೆಸರಿಟ್ಟರೆ ಸಮಿತಿ ಒಪ್ಪುತ್ತೆ. ಎರಡು ದಿನ ನಿಘಂಟು ತಿರುವಿ ತಂದಿದ್ದೆ: ‘ಶ್ವೇತಲೇಖಿನಿ’.

“ಏನು? ಸ್ವಾತಿ, ಲೇಕಿನ್ನಾ? ಯಾವೂರ ಹೆಣ್ಣು?”

ಮತ್ತೆ ನಗು. ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು: “ಆಯ್ತು, ಏನಾದ್ರೂ ಕರೀರಿ. ಆರ್ಡರ್ರು ಬರ್ತದಾ? ಈ ರಂಗಮ್ಮನ ಸೊಸೆ ದಿನ ತುಂಬಿದಾಳೆ. ಅದನ್ನ ಹೇಳಿ ಮೊದ್ಲು.”

ಬರುತ್ತೆ, ನಾನು ಅಧ್ಯಕ್ಷರಿಗೆ ಹೇಳ್ತೀನಿ ಅಂದೆ.

೩ ಸೆಪ್ಟೆಂಬರ್, ಭಾನುವಾರ

ರೈಲಿನಲ್ಲಿ ತುಮಕೂರಿಗೆ ಹೋಗಿ ಮಂಡಿಪೇಟೆಯಲ್ಲಿ ಮಹಾಲಿಂಗಯ್ಯನವರನ್ನ ಕಂಡೆ. ಕಡ್ಡಿಗಳಿದ್ದ ಪೆಟ್ಟಿಗೆಯನ್ನೂ ತಗೊಂಡು ಹೋಗಿದ್ದೆ. ಒಂದು ಕಡ್ಡಿಯಲ್ಲಿ ಗೋಡೆಗೆ ಗೀಚಿ “ಸೊಗಸಾಗೈತಲ್ಲ!” ಅಂದರು. ಹೆಸರು ಕೇಳಿ ಕಣ್ಣು ಅರಳಿತು. “ಶ್ವೇತಲೇಖಿನಿ! ಆಹಾ! ಒಂದು ಕಾಗದದಲ್ಲಿ ದಪ್ಪಗೆ ಬರ್ದುಕೊಡಿ ಇವ್ರೇ.”

ಬರೆದುಕೊಟ್ಟೆ. ಅಷ್ಟರಲ್ಲಿ ಪೆಟ್ಟಿಗೆ ತಿರುವಿ ತಳ ಓದಿದರು. ಮೆಲ್ಲಗೆ ಕೆಳಗಿಟ್ಟರು. ಶಲ್ಯದ ತುದಿಯಲ್ಲಿ ಕೈ ಒರೆಸಿಕೊಂಡರು, ಒಂದೊಂದೇ ಬೆರಳು.

“ಮೇಲಿರೋದು ಭಾಳ ಚೆನ್ನಾಗೈತೆ. ಅಡೀಲಿರೋದು ಬೇಡ.”

ಪೆಟ್ಟಿಗೆಯ ರಟ್ಟು ಕಳಪೆ ಅಂತಿರಬೇಕು. ನಿಜ, ರಟ್ಟು ತೆಳುವೇ. “ಇನ್ನು ನನಗೆ ಬುಡಿ” ಅಂದರು. ಹೆಡ್‌ಮಾಸ್ಟರ್ ವಿಷಯವೂ ತಲೆಯಲ್ಲಿದೆ ಅಂದರು. ಕಾಫಿ ಚೆನ್ನಾಗಿತ್ತು.

೧೯ ಸೆಪ್ಟೆಂಬರ್, ಮಂಗಳವಾರ

ಬಂತು! ನನ್ನ ಪದ ಅಚ್ಚಾಗಿ ಬಂತು!

ಹಳದಿ ಪೆಟ್ಟಿಗೆ, ಹುಟ್ಟುವ ಸೂರ್ಯ, ಕೆಳಗೆ ದುಂಡಕ್ಷರದಲ್ಲಿ ‘ಶ್ವೇತಲೇಖಿನಿ: ಅಪ್ಪಟ ಸ್ವದೇಶಿ’. ಪಕ್ಕದಲ್ಲಿ ‘ಸ್ವದೇಶಿ ವ್ರತ ಸಮಿತಿಯ ಆಶೀರ್ವಾದದೊಂದಿಗೆ’. ತಳದಲ್ಲಿ ಮಂಡಿಪೇಟೆಯ ವಿಳಾಸ. ತಾಲ್ಲೂಕಿನ ಎಲ್ಲ ಶಾಲೆಗೂ ಇದೇ ಅಂತೆ, ಕುಣಿಗಲ್ಲಿಗೂ ಹೋಗಿದೆಯಂತೆ. ಬೋರ್ಡಿನ ಮೇಲೆ ಇಡೀ ಪದ ದಪ್ಪಗೆ ಬರೆದು ಮಕ್ಕಳ ಕೈಲಿ ಹತ್ತು ಸಲ ಓದಿಸಿದೆ.

ಗಂಗಹನುಮಯ್ಯ ಪೆಟ್ಟಿಗೆ ಇಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತ. ನಿಮ್ಮಕ್ಕನ ಹೆಸರಿಲ್ಲ ಅಂತ ತಾನೆ? ತುಮಕೂರಿನಲ್ಲಿ ಮಿಷಿನ್ನು ಹಾಕಿಸಿದ್ದಾರೇನೋ, ನಾನೇನು ಮಾಡಲಿ ಅಂದೆ. ಬೆಲ್ಲು ಹೊಡೆಯೋಕೆ ಹೋದ. ಇವತ್ತು ಬೆಲ್ಲು ಬಹಳ ಹೊತ್ತು ಹೊಡೆದ.

ರಾತ್ರಿ ಊಟ ಸೇರಲಿಲ್ಲ. ಗಂಗಾಂಬಿಕೆ ಸೀಮೆಬದನೆ ಪಲ್ಯ ಮಾಡಿ ‘ಮುಳ್ಳುಬದನೆ’ ಅಂತ ಬಡಿಸಿದ್ದಳು. ಅದಕ್ಕಲ್ಲ.

೨೪ ಸೆಪ್ಟೆಂಬರ್, ಭಾನುವಾರ

ಕುಣಿಗಲ್ಲಿನ ಛತ್ರದಲ್ಲಿ ಉಪಾಧ್ಯಾಯರ ಸಭೆ. ‘ನಮ್ಮವರ ಕೈಯಿಂದ ನಮ್ಮವರ ಕೈಗೆ’ ಅಂತ ನನ್ನ ಭಾಷಣ. ಬೋರ್ಡಿನ ಮೇಲೆ ಆ ಸಾಲನ್ನ ಬರೆಯಲು ಶ್ವೇತಲೇಖಿನಿ ತೆಗೆದುಕೊಂಡೆ. ಹೆಬ್ಬೆರಳು ತಾನಾಗೇ ಕಡ್ಡಿಯ ಮೇಲೆ ಓಡಿತು, ಗೆರೆಯೊಂದನ್ನ ಉಗುರಿನಲ್ಲಿ ಕೆರೆದು ತೆಗೆಯಿತು.

ಮೂರು ವರ್ಷದಿಂದ ದಿನಾ ಮಾಡುವ ಕೆಲಸ. ಚೆನ್ನಮ್ಮನ ಅಚ್ಚಿನಲ್ಲಿ ಒಂದು ಕಡೆ ಸವೆದಿದೆಯಂತೆ. ಅದರಲ್ಲಿ ಎರೆದ ಕಡ್ಡಿಗೆ ಉದ್ದಕ್ಕೂ ಕೂದಲೆಳೆಯಂಥ ಏಣು ಬರುತ್ತೆ. ಕೆರೆಯದಿದ್ದರೆ ಬೆರಳಿಗೆ ಒತ್ತುತ್ತೆ. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದು ನೋಡಿದೆ. ಅದೇ ಏಣು, ಅಚ್ಚಿಗೆ ಸವರುವ ಕಡಲೆಕಾಯಿ ಎಣ್ಣೆಯ ಅದೇ ವಾಸನೆ.

ನೂರು ಜನ ಮೇಷ್ಟ್ರುಗಳು ಕಾಯುತ್ತಾ ಕೂತಿದ್ದರು. ‘ನಮ್ಮವರ ಕೈಯಿಂದ’ ಅನ್ನುವಷ್ಟು ಬರೆದಿದ್ದೆ. ಅಲ್ಲಿಗೇ ನಿಂತೆ. ಮೈ ಸರಿಯಿಲ್ಲ ಅಂತ ಹೇಳಿ ಬಸ್ಸು ಹತ್ತಿದೆ.

೨೬ ಸೆಪ್ಟೆಂಬರ್, ಮಂಗಳವಾರ

ಕಾಲೋನಿಗೆ ಹೋಗಿದ್ದೆ. ಚಪ್ಪರದೊಳಗೆ ಮಣೆ ಹಾಕಿದರು, ಕೂತೆ.

ಚೆನ್ನಮ್ಮ ಹೇಳಿದ್ದು: ಈ ತಿಂಗಳ ಮೊದಲ ವಾರ ಮಂಡಿಪೇಟೆಯಿಂದ ಒಬ್ಬ ಬಂದನಂತೆ. ಪೆಟ್ಟಿಗೆ ಬೇಡ, ಸೀಲು ಬೇಡ, ಬರೀ ಕಡ್ಡಿ ಗೋಣಿಚೀಲಕ್ಕೆ ತುಂಬಿಕೊಡಿ, ಅರ್ಧ ರೇಟು, ಯಾರಿಗೂ ಹೇಳಕೂಡದು. ಎಂಟು ಸ್ಕೂಲೂ ಕೈಬಿಟ್ಟ ಮೇಲೆ ಬೇರೆ ದಾರಿಯಿರಲಿಲ್ಲ, ಕೊಟ್ಟರಂತೆ.

“ಹೆಸರು ನಿಮ್ದು, ಪೆಟ್ಟಿಗೆ ಅವ್ರದು, ಬೆನ್ನುನೋವು ಮಾತ್ರ ನಮ್ದು ಉಳ್ಕೊಂಡೈತೆ ಮೇಷ್ಟ್ರೇ.”

“ನನ್ನ ಹತ್ರ ಯಾಕೆ ಬರಲಿಲ್ಲ ನೀವು?”

“ನೀವೇ ಕಳ್ಸಿದ್ದೀರ ಅನ್ಕಂಡ್ವಿ.”

ಹೌದು, ಅಂದುಕೊಳ್ಳದೆ ಏನು ಮಾಡುತ್ತಾರೆ? ಸುತ್ತೋಲೆಯಲ್ಲೂ ನನ್ನ ರುಜು, ಪೆಟ್ಟಿಗೆ ಮೇಲೂ ನನ್ನ ಪದ. ಬೊಗಳೆ ಸಮಿತಿ. ಬೊಗಳೆ ವ್ರತ. ಕೊಳ್ಳೋದು ನಮ್ಮೂರದ್ದೇ ಆಗಬೇಕಂತೆ, ಮಾಡಿದವರ ಕೇರಿ ಮಾತ್ರ ಕಾಣಬಾರದಂತೆ! ಬಿಳಿಯ ಮಾಡಿದ್ದಾಗಿದ್ದರೆ ಅವನ ಊರ ಹೆಸರನ್ನ ಮುಖದ ಮೇಲೇ ಬರೆಸಿಕೊಂಡು ಮೆರೆಸುತ್ತಿದ್ದೆವು.

ಇನ್ನೊಂದು ಹೆಸರು ಯೋಚಿಸಿದ್ದೇನೆ ಅಂತ ಬಾಯಿ ತೆಗೆದೆ. ಚೆನ್ನಮ್ಮನವರು ಕೈಯೆತ್ತಿ ತಡೆದರು.

“ನಿಮ್ಮ ಪಾದಕ್ಕೆ ಬೀಳ್ತೀನಿ, ಇನ್ನೊಂದು ಹೆಸರು ಮಾತ್ರ ಇಡ್ಬೇಡಿ. ಸೀಮೆಸುಣ್ಣ ಸೀಮೆಸುಣ್ಣಾನೇ ಇರ್ಲಿ. ನಮ್ಮ ವಿಳಾಸ ಇತ್ತಲ್ಲ ತಳದಲ್ಲಿ, ಅದನ್ನ ಮೇಲಕ್ಕೆ ತನ್ನಿ. ದಪ್ಪಗೆ ಬರ್ಕೊಡಿ, ಅಷ್ಟು ಸಾಕು.”

ಬರೆದುಕೊಟ್ಟೆ. ಟೀಗೆ ಬೆಲ್ಲ ಹಾಕಿದ್ದರು. ಎರಡನೇ ಲೋಟ ಕೇಳಿದ್ದಕ್ಕೆ ರಂಗಮ್ಮನವರು ಹಾಲಿಲ್ಲ ಅಂದರು.

೨ ಅಕ್ಟೋಬರ್, ಸೋಮವಾರ

ಗಾಂಧಿ ಜಯಂತಿ. ಸ್ಕೂಲಿನ ಹಾಲ್ ತುಂಬಾ ಜನ. ಕಾರ್ಯದರ್ಶಿಯ ವರದಿ ಓದಲು ಕರೆದರು. ವರದಿ ಓದಲಿಲ್ಲ. ಹಳದಿ ಪೆಟ್ಟಿಗೆ ಎತ್ತಿ ಹಿಡಿದು, ಇದನ್ನ ಮಾಡಿದವರು ಈ ಊರಿನ ಆರು ಜನ ಹೆಂಗಸರು, ಅವರ ಹೆಸರೆಲ್ಲಿ ಅಂತ ಕೇಳಿದೆ.

ಮಹಾಲಿಂಗಯ್ಯ ನಗುತ್ತಲೇ ಎದ್ದರು. “ಮಾಡಿದ ಕೈ ಯಾವುದಾದರೇನು ಬಂಧುಗಳೇ? ನಾವೆಲ್ಲಾ ಒಂದೇ ತಾಯಿಯ ಮಕ್ಕಳಲ್ಲವೇ?”

ಅದಕ್ಕೆ ಬಿದ್ದ ಚಪ್ಪಾಳೆ ನನ್ನ ಜನ್ಮದಲ್ಲಿ ನನಗೆ ಬಿದ್ದಿಲ್ಲ.

“ಒಂದೇ ತಾಯಿ ಮಕ್ಕಳಾದರೆ ಅಣ್ಣ ತಂಗಿಯ ಹೆಸರು ಯಾಕ್ರೀ ಕದಿಯಬೇಕು?” ಅಂದೆ.

ಅಷ್ಟು ಹೊತ್ತಿಗೆ ಮೈಕು ಕೆಟ್ಟಿತು. ಕೆಟ್ಟಿತು ಅಂತ ಹೇಳಿದರು.

೫ ಅಕ್ಟೋಬರ್, ಗುರುವಾರ

ಚೇಳೂರಿನಿಂದ ನರಸಿಂಹಯ್ಯ ಅನ್ನುವವರು ಹೆಡ್‌ಮಾಸ್ಟರಾಗಿ ಬಂದರು. ನನಗೆ ಲೆಕ್ಕದ ಜೊತೆ ಡ್ರಿಲ್ಲು. ಗಂಗಾಂಬಿಕೆ ಮೆಣಸಿನ ಸಾರು ಮಾಡಿಕೊಟ್ಟಳು.

ಸಂಜೆ ಕಾಲೋನಿಗೆ ಹೋಗೋದು ತಡವಾಯಿತು.

೧೨ ಅಕ್ಟೋಬರ್, ಗುರುವಾರ

ದಸರಾ ರಜ. ಚಪ್ಪರದಲ್ಲಿ ದೊಡ್ಡ ಜಗಳ. ಬೆಳಿಗ್ಗೆ ಮಂಡಿಪೇಟೆಯವನು ಬಂದು, ರಜ ಮುಗಿಯುವುದರೊಳಗೆ ಇಪ್ಪತ್ತು ಗೋಣಿ ಬೇಕು ಅಂದಿದ್ದಾನೆ. ಜಿಲ್ಲೆಗೆಲ್ಲ ಸಪ್ಲೈ ಹಿಡಿದಿದ್ದಾರಂತೆ.

ಚೆನ್ನಮ್ಮನವರು ಕೊಡಬಾರದು ಅಂದರು. “ನಮ್ಮ ಸೀಲು ಇರೋ ಪೆಟ್ಟಿಗೇಲಿ ಆದ್ರೆ ಕೊಡನ. ಚೀಲದಾಗೆ ಇನ್ನೊಂದು ಕಡ್ಡಿನೂ ಇಲ್ಲ.”

ರಂಗಮ್ಮನವರು ಸೆರಗು ಕೊಡವಿ ಎದ್ದರು. “ಸೀಲು ಬೇಯಿಸ್ಕಂಡು ತಿಂತೀಯೇನೇ? ಮನೇಲಿ ಬಾಣ್ತಿ ಮಲಗವ್ಳೆ. ಅರ್ಧ ರೇಟಾದ್ರೂ ರೇಟೇ ಕಣೇ!”

“ಅರ್ಧ ಕೊಟ್ಟೋನು ಮುಂದಿನ್ ವರ್ಷ ಕಾಲು ಕೊಡ್ತಾನೆ. ನಮ್ ಹೆಸರು ಯಾರಿಗೂ ಗೊತ್ತಿಲ್ಲ ಅಂದ್ರೆ ಯಾರ ತಾವ ಹೋಗಿ ಕೇಳ್ತೀಯೇ?”

ಎಲ್ಲರೂ ನನ್ನ ಕಡೆ ನೋಡಿದರು. ಜೇಬಿನಲ್ಲಿ ಕುಣಿಗಲ್ಲಿನ ಮೇಷ್ಟ್ರೊಬ್ಬರ ಕಾರ್ಡಿತ್ತು: ಸಭೆಯಲ್ಲಿ ಯಾಕೆ ಅರ್ಧಕ್ಕೆ ಎದ್ದುಹೋದಿರಿ ಅಂತ ಹಿಂದೆ ಕೇಳಿದ್ದರು, ನಡೆದದ್ದನ್ನ ಪೂರ್ತಿ ಬರೆದಿದ್ದೆ, ಇದು ಅದಕ್ಕೆ ಉತ್ತರ. ಓದಿದೆ. ಹೆಂಗಸರ ಹೆಸರಲ್ಲೇ ಹತ್ತು ಪೆಟ್ಟಿಗೆ ಕಳಿಸಿ ಅಂತಿತ್ತು.

“ಹತ್ತಾ?” ಅಂದರು ರಂಗಮ್ಮ.

“ಹತ್ತು.”

“ಥೂ” ಅಂದು, ಕೂತುಕೊಂಡು, ಅಚ್ಚಿಗೆ ಎಣ್ಣೆ ಸವರಲು ಶುರು ಮಾಡಿದರು.

೧೭ ಅಕ್ಟೋಬರ್, ಮಂಗಳವಾರ

ಎಣ್ಣೆ ಜಾಸ್ತಿ ಸವರಿದರೆ ಕಡ್ಡಿ ಬೋರ್ಡಿನ ಮೇಲೆ ಜಾರುತ್ತೆ, ಕಡಿಮೆಯಾದರೆ ಅಚ್ಚಿಗೇ ಕಚ್ಚುತ್ತೆ. ಇವತ್ತು ನಾನು ಸವರಿದ್ದರಲ್ಲಿ ಅರ್ಧ ಮುರಿಯಿತು. ಚೆನ್ನಮ್ಮನವರು ಮುರುಕನ್ನೆಲ್ಲ ಗುಡ್ಡೆ ಹಾಕಿ “ಇವೆಲ್ಲಾ ಸ್ವದೇಶಿ ಮೇಷ್ಟ್ರು” ಅಂದರು. ಮೋಡ. ಒಣಗಲಿಲ್ಲ.

೨೨ ಅಕ್ಟೋಬರ್, ಭಾನುವಾರ

ಬಿಸಿಲು ಬಂದಿದೆ ಅಂತ ಬೆಳಿಗ್ಗೆಯೇ ಹೋದೆ. ಪ್ಲಾಸ್ಟರ್ ಪುಡಿ ಕಲಸಿ ಅಚ್ಚಿಗೆ ಎರೆಯುತ್ತಿದ್ದೆವು. ಒಂದು ಸಲ ಕಲಸಿದರೆ ಅದು ಯಾರಿಗೂ ಕಾಯುವುದಿಲ್ಲ, ನಾಲ್ಕೈದು ನಿಮಿಷಕ್ಕೆ ಕಲ್ಲು.

ಕೇರಿಯ ಬಾಯಲ್ಲಿ ಕಾರು ಬಂದು ನಿಂತು ಹಾರನ್ ಹೊಡೆಯಿತು. ಗಂಗಹನುಮಯ್ಯನವರು ಇಣುಕಿ ನೋಡಿ “ಮಂಡಿಪೇಟೆ” ಅಂದರು. ಶಾಲೆಗಳು ತೆರೆದಿವೆ, ಹಳದಿ ಪೆಟ್ಟಿಗೆಗಳು ಖಾಲಿ ಕೂತಿವೆ, ಜಿಲ್ಲೆಗೆ ಕೊಟ್ಟ ಮಾತು ಹಾಗೇ ಇದೆ. ಮತ್ತೆ ಹಾರನ್. ನಾನು ಎದ್ದೆ.

“ಎಲ್ಲಿಗೆ?” ಅಂದರು ಚೆನ್ನಮ್ಮನವರು. “ಹೊಡೀಲಿ ಬುಡಿ. ಎರೀರಿ ನೀವು.”

ಎರೆದೆ. ಹಾರನ್ ಬಹಳ ಹೊತ್ತು ಹೊಡೆದು ಸುಸ್ತಾಯಿತು. ಆಮೇಲೆ ಮಹಾಲಿಂಗಯ್ಯ ಪಂಚೆ ಮೊಣಕಾಲಿಗೆತ್ತಿಕೊಂಡು, ಚರಂಡಿ ದಾಟಿ, ಕೋಳಿಗಳನ್ನ ಸರಿಸಿಕೊಂಡು ನಡೆದು ಬಂದರು. ಗಂಗಹನುಮಯ್ಯನವರು ಬೆಂಚು ಒರೆಸಿ ಹಾಕಿದರು. ಮಹಾಲಿಂಗಯ್ಯ ಕೂರಲಿಲ್ಲ.

ಅವರು ನನ್ನನ್ನ ನೋಡಲಿಲ್ಲ, ಚೆನ್ನಮ್ಮನವರಿಗೇ ಹೇಳಿದರು. “ನೋಡಮ್ಮ, ಪೂರಾ ರೇಟು ಕೊಡ್ತೀನಿ. ಪೆಟ್ಟಿಗೆ ಮೇಲೆ ನಿನ್ ಹೆಸರೂ ಹಾಕಿಸ್ತೀನಿ, ಚೆನ್ನಮ್ಮ ಅಂತ. ಎಲ್ಲಾ ಜಾತೀಲೂ ಚೆನ್ನಮ್ಮ ಇರ್ತಾರೆ, ತೊಂದ್ರೆ ಇಲ್ಲ. ಆ ಕಾಲೋನಿ ಅನ್ನೋದೊಂದು ಬೇಡ. ಗುಬ್ಬಿ ಅಂದ್ರೆ ಸಾಕಲ್ಲ? ನಮ್ಮ ಹೆಣ್ಮಕ್ಕಳು ಮನೇಲಿ ರಂಗೋಲಿಗೂ ಉಪಯೋಗಿಸ್ತಾರೆ, ಮಠಮಾನ್ಯಗಳ ಸ್ಕೂಲಿಗೂ ಹೋಗೋದು. ಅರ್ಥ ಮಾಡ್ಕೋ.”

ಪೂರಾ ರೇಟು ಅಂದದ್ದಕ್ಕೆ ರಂಗಮ್ಮನವರ ಕೈ ನಿಂತಿತ್ತು. ಉಳಿದ ಐವರೂ ಚೆನ್ನಮ್ಮನವರ ಬಾಯನ್ನೇ ನೋಡುತ್ತಿದ್ದರು. ನಾನೂ.

“ಮಾತಾಡನ ಬುದ್ದಿ. ಬಿಸಿಲಲ್ಲಿ ಬಂದಿದೀರ, ಮೊದ್ಲು ನೀರು ಕುಡೀರಿ. ರಂಗಮ್ಮ, ಬುದ್ದಿಯೋರಿಗೆ ನೀರು ಕೊಡು.”

ರಂಗಮ್ಮನವರು ಸ್ಟೀಲ್ ಚೊಂಬು ಬೆಳಗಿ, ನೀರು ತುಂಬಿ, ಎರಡು ಕೈಯಲ್ಲೂ ಹಿಡಿದು ಕೊಟ್ಟರು. ಮಹಾಲಿಂಗಯ್ಯ ತೆಗೆದುಕೊಂಡರು, ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಕೇರಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಚೊಂಬು ಎದೆಯ ಮಟ್ಟಕ್ಕೆ ಬಂತು. ಅಲ್ಲೇ ನಿಂತಿತು.

“ಈಗ ತಾನೆ ಕುಡಿದು ಬಂದೆ ಕಣಮ್ಮ.”

“ಒಂದು ಗುಟುಕು ಬುದ್ದಿ. ಸೀಮೆ ನೀರಲ್ಲ, ನಮ್ಮೂರ ಬಾವೀದೇ” ಅಂದರು ಚೆನ್ನಮ್ಮನವರು.

ಯಾರೂ ನಗಲಿಲ್ಲ. ಅವರು ಚೊಂಬನ್ನ ಬೆಂಚಿನ ಮೇಲಿಟ್ಟು, ಶಲ್ಯ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಹೋದರು. ಕಾರು ತಿರುಗಿಸಿಕೊಳ್ಳಲು ಜಾಗ ಸಾಲದೆ ಹಿಂದು ಹಿಂದಕ್ಕೇ ಹೋಯಿತು.

ಇಪ್ಪತ್ತು ಗೋಣಿಯ ವ್ಯಾಪಾರ ಅದರ ಜೊತೆಗೇ ಹೋಯಿತು. ಕೈಯಲ್ಲಿ ಉಳಿದದ್ದು ಕುಣಿಗಲ್ಲಿನ ಹತ್ತು ಪೆಟ್ಟಿಗೆ. ರಂಗಮ್ಮನವರು ರಸ್ತೆಯ ಕಡೆ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಚೊಂಬು ಎತ್ತಿಕೊಂಡು ಬಂದು, ತುಳುಕದಂತೆ, ಪುಡಿಯಿದ್ದ ಬೇಸಿನ್ನಿಗೆ ಪೂರಾ ಬಗ್ಗಿಸಿದರು.

“ಸುಮ್ಕೆ ಯಾಕೆ ಚೆಲ್ಲೋದು? ಕಲಸಿ ಮೇಷ್ಟ್ರೇ, ಗಟ್ಟಿಯಾಗ್ಬುಡ್ತದೆ.”